ಬೀಗದ ಒಳಗಿನ ಚರಿತ್ರೆ, ಅಟ್ಟದ ಮೇಲಿನ ಚರಿತ್ರೆ

ಮೂಡುಬಿದಿರೆಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಸಾವಿರ ಕಂಬದ ಬಸದಿಗೆ ಒಂದು ಗಂಟೆ ಕೊಡುತ್ತಾರೆ. ಕಂಬಗಳ ನಡುವೆ ನಿಂತು ಒಂದೆರಡು ಚಿತ್ರ ತೆಗೆದುಕೊಂಡು ವೇಣೂರಿನ ದಾರಿ ಹಿಡಿಯುತ್ತಾರೆ. ಅಲ್ಲಿ ಬಾಹುಬಲಿಗೆ ಕೈಮುಗಿದು, ಬೆಳ್ತಂಗಡಿ ದಾಟಿ, ರಾತ್ರಿಯ ಹೊತ್ತಿಗೆ ಧರ್ಮಸ್ಥಳ ಸೇರುತ್ತಾರೆ. ಮರುದಿನ ಮಂಗಳೂರಿಗೆ ಹೊರಟಾಗ ಬಂಟ್ವಾಳ ಸಿಗುತ್ತದೆ. ಆದರೆ ಬಂಟ್ವಾಳವೆಂದರೆ ಬಹುಪಾಲು ಜನರಿಗೆ ಬಿ.ಸಿ. ರೋಡಿನ ವಾಹನ ದಟ್ಟಣೆ ಮಾತ್ರ. ಅಲ್ಲಿ ಇಳಿದು ನೋಡತಕ್ಕದ್ದು ಏನಾದರೂ ಇದೆಯೆಂದು ಯಾರಿಗೂ ಅನ್ನಿಸುವುದಿಲ್ಲ.

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಒಂದಕ್ಕೊಂದು ತಾಗಿಕೊಂಡಿರುವ ಊರುಗಳು. ಎರಡು ದಿನ ಬಿಡುವಿದ್ದರೆ ಮೂರನ್ನೂ ಸಾವಕಾಶವಾಗಿ ನೋಡಬಹುದು. ಹಾಗೆ ನೋಡುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯದನ್ನು ಉಳಿಸಿಕೊಳ್ಳಲು ಮನುಷ್ಯ ಕಂಡುಕೊಂಡ ಮೂರು ಬೇರೆ ಬೇರೆ ಉಪಾಯಗಳು ಇಲ್ಲಿ ಪಕ್ಕಪಕ್ಕದಲ್ಲೇ ಇವೆ. ಒಂದು, ಪೂಜಿಸಿ ಉಳಿಸುವುದು. ಇನ್ನೊಂದು, ಸಂಗ್ರಹಿಸಿ ಗಾಜಿನ ಹಿಂದೆ ಇಡುವುದು. ಮೂರನೆಯದು, ಜನರ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದುದನ್ನು ಕೆಳಗಿಳಿಸಿ ಅದಕ್ಕೊಂದು ಹೆಸರಿನ ಚೀಟಿ ಅಂಟಿಸುವುದು.

ಮಳೆ ಕಟ್ಟಿಸಿದ ಬಸದಿ

ಮೊದಲು ಮೂಡುಬಿದಿರೆ. ಮೂಡಣ ದಿಕ್ಕಿನ ಬಿದಿರು ಎಂಬುದರಿಂದ ಊರಿಗೆ ಈ ಹೆಸರು. ಹದಿನೆಂಟು ಬಸದಿಗಳಿರುವ ಈ ಊರನ್ನು ಜೈನಕಾಶಿ ಎಂದು ಕರೆಯುವುದುಂಟು. ಅವುಗಳಲ್ಲಿ ದೊಡ್ಡದು ‘ತ್ರಿಭುವನ ತಿಲಕ ಚೂಡಾಮಣಿ’ ಎಂಬ ಬಿರುದಿನ ಚಂದ್ರನಾಥ ಬಸದಿ. ಇದೇ ಸಾವಿರ ಕಂಬದ ಬಸದಿ. ವಿಜಯನಗರದ ಎರಡನೆಯ ದೇವರಾಯನ ಆಳ್ವಿಕೆಯಲ್ಲಿ, 1430ರಲ್ಲಿ ಇದರ ನಿರ್ಮಾಣವಾಯಿತು. ಮುಂದಿನ ಭೈರಾದೇವಿ ಮಂಟಪದ ಜಗಲಿಯ ಕೆತ್ತನೆಗಳನ್ನು ಬಗ್ಗಿ ನೋಡಿದರೆ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಹೋಲುವ ಪ್ರಾಣಿಗಳು ಕಾಣಸಿಗುತ್ತವೆ. ಈ ಕರಾವಳಿಯ ಬಂದರುಗಳಿಗೆ ಎಲ್ಲೆಲ್ಲಿಯ ಹಡಗುಗಳು ಬಂದು ಹೋಗುತ್ತಿದ್ದವು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಆದರೆ ಕಟ್ಟಡದ ನಿಜವಾದ ಗುಟ್ಟು ಕಂಬಗಳಲ್ಲಿಲ್ಲ, ಮಾಡಿನಲ್ಲಿದೆ. ಬೇಲೂರು, ಹಳೇಬೀಡುಗಳನ್ನು ನೋಡಿದ ಕಣ್ಣಿಗೆ ಇದು ದೇವಾಲಯದಂತೆ ಕಾಣುವುದೇ ಇಲ್ಲ. ಗೋಪುರವಿಲ್ಲ, ಎತ್ತರದ ಶಿಖರವಿಲ್ಲ. ಮೂರು ಅಂತಸ್ತಿನ ಇಳಿಜಾರು ಮಾಡು ಒಂದರ ಮೇಲೊಂದು ಕುಳಿತಿದೆ. ಭಾರತೀಯ ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲಿ ಈ ಬಸದಿಗಳ ಶೈಲಿಗೆ ಹೋಲಿಕೆ ಹುಡುಕುತ್ತಾ ದೂರದ ನೇಪಾಳದವರೆಗೆ ಹೋದ. ತುಳುನಾಡಿನಲ್ಲಿ ಒಂದು ಮಳೆಗಾಲ ಕಳೆದವರಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಈ ಸೀಮೆಯಲ್ಲಿ ಚಪ್ಪಟೆ ಮಾಡು ಬಾಳುವುದಿಲ್ಲ. ಗುತ್ತಿನ ಮನೆಯಿರಲಿ, ಕೃಷಿಕನ ಮುಳಿಹುಲ್ಲಿನ ಗುಡಿಸಲಿರಲಿ, ಇಳಿಜಾರು ಮಾಡೇ ಬೇಕು. ದೇವರ ಮನೆಗೂ ಅದೇ ಮಳೆ, ಅದೇ ಮಾಡು. ಮರದಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಲ್ಲಿನಲ್ಲಿ ಮಾಡಿದರು ಅಷ್ಟೆ.

ಮರದ ಕೆಲಸ ಹೇಗಿತ್ತೆಂದು ತಿಳಿಯಬೇಕಾದರೆ ಅದೇ ಊರಿನ ಚೌಟರ ಅರಮನೆಗೆ ಹೋಗಬೇಕು. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣಿಗೂ ಪಟ್ಟ ದೊರೆಯುತ್ತಿದ್ದುದರಿಂದ ಅವಳು ರಾಣಿಯಾದಳು, ಯಾರದೋ ಪತ್ನಿಯೆಂಬ ಕಾರಣಕ್ಕಲ್ಲ. ಅರಮನೆಯೆಂದರೆ ಮೈಸೂರಿನ ಅರಮನೆಯನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಸೆಯಾದೀತು. ಆದರೆ ಅದರ ಮರದ ಕಂಬಗಳಲ್ಲಿನ ‘ನವನಾರೀ ಕುಂಜರ’, ‘ಪಂಚನಾರೀ ತುರಗ’ಗಳ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಒಂಬತ್ತು ಹೆಂಗಸರ ಮೈಗಳು ಹೆಣೆದುಕೊಂಡು ಆನೆಯಾಗುತ್ತವೆ. ಐದು ಮೈಗಳು ಸೇರಿ ಕುದುರೆಯಾಗುತ್ತವೆ. ದೂರದಿಂದ ಆನೆ, ಹತ್ತಿರದಿಂದ ಹೆಂಗಸರು.

ಊರಿನ ಒಂದು ಬದಿಗೆ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಸಮಾಧಿಗಳಿವೆ. ಕಲ್ಲಿನ ಈ ಪುಟ್ಟ ಗೋಪುರಗಳಲ್ಲಿ ಕೆಲವಕ್ಕೆ ಹೆಚ್ಚು ಅಂತಸ್ತು, ಕೆಲವಕ್ಕೆ ಕಡಿಮೆ. ಅಲ್ಲಿಗೆ ಹೋಗುವವರು ಕಡಿಮೆ. ಪೂಜೆ ನಡೆಯುವ ಕಲ್ಲಿಗೂ ಪೂಜೆಯಿಲ್ಲದ ಕಲ್ಲಿಗೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಓದುವವರಿಲ್ಲದೆ ಉಳಿದ ಗ್ರಂಥ

ಪೂಜೆ ಒಂದು ವಸ್ತುವನ್ನು ಹೇಗೆ ಉಳಿಸುತ್ತದೆ, ಮತ್ತು ಅದರಿಂದ ಏನನ್ನು ಕಳೆಯುತ್ತದೆ ಎಂಬುದಕ್ಕೆ ಮೂಡುಬಿದಿರೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಸಿದ್ಧಾಂತ ಬಸದಿ ಎಂದು ಹೆಸರಾದ ಗುರು ಬಸದಿಯಲ್ಲಿ ಶತಮಾನಗಳ ಕಾಲ ‘ಧವಲ’, ‘ಜಯಧವಲ’, ‘ಮಹಾಧವಲ’ ಎಂಬ ಗ್ರಂಥಗಳ ತಾಳೆಗರಿ ಪ್ರತಿಗಳಿದ್ದವು. ‘ಧವಲ’ವು ದಿಗಂಬರ ಜೈನರ ಮೂಲಾಗಮವೆನಿಸಿದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ವ್ಯಾಖ್ಯಾನ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ; ಲಿಪಿ ಹಳಗನ್ನಡ. ಸುಮಾರು 12ನೇ ಶತಮಾನದ ಆ ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ದಕ್ಷಿಣ ಭಾರತದ ಹಸ್ತಪ್ರತಿ ಚಿತ್ರಕಲೆಯ ಅತಿ ಹಳೆಯ ಮಾದರಿಗಳ ಸಾಲಿಗೆ ಅವು ಸೇರುತ್ತವೆ.

ಬೇರೆಲ್ಲೂ ಇಲ್ಲದ ಈ ಗ್ರಂಥಗಳನ್ನು ಇಲ್ಲಿ ಜೀವದಂತೆ ಕಾಪಾಡಿದರು. ಆದರೆ ಭಕ್ತರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ. ಕಾಲ ಕಳೆದಂತೆ ಆ ಲಿಪಿಯನ್ನೂ ಆ ಭಾಷೆಯನ್ನೂ ಬಲ್ಲವರು ವಿರಳವಾದರು. ಉತ್ತರ ಭಾರತದ ವಿದ್ವಾಂಸರಿಗೆ ಗ್ರಂಥದ ಹೆಸರು ಗೊತ್ತಿತ್ತು, ಒಳಗೇನಿದೆಯೆಂದು ಗೊತ್ತಿರಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಗರಿಗಳು ಶಿಥಿಲವಾಗುತ್ತಿವೆ ಎಂಬ ಆತಂಕ ಹುಟ್ಟಿ ನಕಲು ಮಾಡಿಸುವ ಕೆಲಸ ಶುರುವಾಯಿತು. ನಕಲನ್ನು ಊರಿನಿಂದ ಹೊರಗೆ ಒಯ್ಯಬಾರದೆಂಬ ಕಟ್ಟುಪಾಡೂ ಇತ್ತು. ಹೇಗೋ ಒಂದು ಪ್ರತಿ ಹೊರಗೆ ಹೋಯಿತು. ಅದರ ಆಧಾರದಿಂದಲೇ ಪ್ರೊ. ಹೀರಾಲಾಲ ಜೈನರು ಅಮರಾವತಿಯಲ್ಲಿ 1939ರಲ್ಲಿ ‘ಧವಲ’ದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದೆ ಮೂಡುಬಿದಿರೆಯ ಮೂಲ ಗರಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಅವಕಾಶವೂ ದೊರೆಯಿತು. ಒಟ್ಟು 16 ಸಂಪುಟಗಳಾದವು.

ಈ ಕತೆಯಲ್ಲಿ ಯಾರದು ತಪ್ಪು ಎಂದು ಥಟ್ಟನೆ ಹೇಳಲಾಗದು. ಬೀಗ ಹಾಕಿ ಕಾಯದಿದ್ದರೆ ಗ್ರಂಥ ಉಳಿಯುತ್ತಲೇ ಇರಲಿಲ್ಲ. ಬೀಗ ತೆಗೆಯದಿದ್ದರೆ ಅದು ಉಳಿದೂ ಪ್ರಯೋಜನವಿರಲಿಲ್ಲ. ಬೀಗವೂ ಯಾವಾಗಲೂ ಸಾಲುವುದಿಲ್ಲ. 2013ರಲ್ಲಿ ಇದೇ ಸಿದ್ಧಾಂತ ಬಸದಿಗೆ ಕಳ್ಳರು ನುಗ್ಗಿ ಬೆಲೆಬಾಳುವ ಜಿನಬಿಂಬಗಳನ್ನು ಒಯ್ದರು. ಕೆಲವು ಮರಳಿ ದೊರೆತವು. ಈಗ ಜೈನ ಮಠದ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ತಾಳೆಗರಿಗಳ ದೊಡ್ಡ ಸಂಗ್ರಹವಿದೆ. ಊರಿನ ಕವಿ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಅಚ್ಚಿನಲ್ಲಿ ಓದಿದವರು ಗರಿಗಳ ಒಂದು ಕಟ್ಟನ್ನಾದರೂ ಕಣ್ಣಾರೆ ನೋಡಬೇಕು. ಗೀಚುವ ಕಂಠ ತುಸು ಒತ್ತಿದರೆ ಗರಿ ಸೀಳುತ್ತದೆ, ಒತ್ತದಿದ್ದರೆ ಅಕ್ಷರ ಮೂಡುವುದಿಲ್ಲ. ಒಂದು ಕಾವ್ಯ ನಮ್ಮ ಕೈಗೆ ಬರುವ ಮೊದಲು ಎಷ್ಟು ಜನ ಹೆಸರಿಲ್ಲದ ಲಿಪಿಕಾರರ ಕೈ ದಾಟಿ ಬಂದಿದೆ ಎಂಬುದು ಆಗ ಅರ್ಥವಾಗುತ್ತದೆ.

ಕಲ್ಲಿನ ಗಡ, ಕಲ್ಲಿನ ವಿರಾಗಿ

ಮೂಡುಬಿದಿರೆಯಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರು. ಫಲ್ಗುಣಿ ನದಿಯ ದಡದಲ್ಲಿ 35 ಅಡಿ ಎತ್ತರದ ಬಾಹುಬಲಿಯನ್ನು ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ. ಕಾರ್ಕಳದಲ್ಲಿ 1432ರಿಂದಲೇ ಇದಕ್ಕಿಂತ ಎತ್ತರದ ಬಾಹುಬಲಿಯಿತ್ತು. ತಮ್ಮ ಊರಿನ ಕೀರ್ತಿಗೆ ಎರಡನೆಯವನು ಹುಟ್ಟಿಕೊಂಡನೆಂದು ಕಾರ್ಕಳದ ಅರಸರು ಮುನಿದು ದಂಡೆತ್ತಿ ಬಂದರೆಂದೂ, ಅಜಿಲರು ಮೂರ್ತಿಯನ್ನು ನದಿಯ ಮರಳಿನಲ್ಲಿ ಹೂತು ಕಾಪಾಡಿದರೆಂದೂ ಐತಿಹ್ಯವಿದೆ. ರಾಜ್ಯವನ್ನೇ ಬಿಟ್ಟುಕೊಟ್ಟವನ ಮೂರ್ತಿಗಾಗಿ ರಾಜ್ಯಗಳು ಜಗಳವಾಡಿದ ಕತೆಯಿದು. ಇಲ್ಲಿ ಕೊನೆಯ ಮಹಾಮಸ್ತಕಾಭಿಷೇಕ 2024ರಲ್ಲಿ ನಡೆಯಿತು.

ಬೆಳ್ತಂಗಡಿ ಪೇಟೆಯಿಂದ ಕೆಲವೇ ಕಿಲೋಮೀಟರ್ ಹೋದರೆ ಗದ್ದೆ ತೋಟಗಳ ನಡುವೆ ನೆಟ್ಟಗೆ ಎದ್ದು ನಿಂತ ಒಂಟಿ ಬಂಡೆ ಕಾಣುತ್ತದೆ. ಜನರ ಬಾಯಲ್ಲಿ ಅದು ಗಡಾಯಿಕಲ್ಲು. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ಮೇಲೆ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ. ತಾಯಿಯ ನೆನಪಿಗೆ ಇಟ್ಟ ಹೆಸರೆಂದು ಪ್ರತೀತಿ. ಬಂಡೆಯಲ್ಲೇ ಕಡಿದ ಕಿರಿದಾದ ಮೆಟ್ಟಿಲುಗಳ ಒಂದೇ ದಾರಿ. ಮೇಲೆ ಬೆರಳೆಣಿಕೆಯ ಜನರಿದ್ದರೂ ಕೆಳಗಿನ ದಂಡನ್ನು ತಡೆಯಬಹುದು. ಆದರೆ ಮೇಲಿದ್ದವರಿಗೆ ಅನ್ನವೂ ಅದೇ ಮೆಟ್ಟಿಲು ಹತ್ತಿ ಬರಬೇಕಲ್ಲವೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕೋಟೆಯೂ ಇಂಗ್ಲಿಷರ ಕೈಸೇರಿತು. ಈಗ ಅಲ್ಲಿ ಉಳಿದಿರುವುದು ಕೆಲವು ಗೋಡೆ, ನೀರಿನ ಹೊಂಡ ಮತ್ತು ಬೀಸುವ ಗಾಳಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಮೆಟ್ಟಿಲುಗಳ ಗೊಡವೆಗೆ ಹೋಗಬಾರದು. ಚಳಿಗಾಲದ ಮುಂಜಾವೇ ಹತ್ತಲು ತಕ್ಕ ಹೊತ್ತು.

ಮಂಜೂಷದ ಪೆಟ್ಟಿಗೆ

ಧರ್ಮಸ್ಥಳಕ್ಕೆ ಬರುವವರು ಮಂಜುನಾಥನ ದರ್ಶನಕ್ಕೆ ಬರುತ್ತಾರೆ. 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನೂ ನೋಡುತ್ತಾರೆ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ ಈ ಮೂರ್ತಿ ರಸ್ತೆಯ ಮೇಲೆ ಸಾಗಿ ಬಂದದ್ದೇ ಒಂದು ಸಾಹಸ. ಇವುಗಳ ಜೊತೆಗೆ ನೋಡಬೇಕಾದದ್ದು ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ‘ಮಂಜೂಷ’ ವಸ್ತು ಸಂಗ್ರಹಾಲಯ. ಮಂಜೂಷವೆಂದರೆ ಪೆಟ್ಟಿಗೆ, ಹೆಸರು ಒಪ್ಪುವಂಥದೇ. ಮೂರ್ತಿಗಳು, ತಾಳೆಗರಿಗಳು, ದೀಪಗಳಿಂದ ಹಿಡಿದು ಹಳೆಯ ಕ್ಯಾಮೆರಾಗಳವರೆಗೆ ಇಲ್ಲಿ ಏನುಂಟು ಏನಿಲ್ಲ! ಹಳೆಯ ಕಾರುಗಳಿಗೆ ಬೇರೆಯೇ ಸಂಗ್ರಹಾಲಯವಿದೆ.

ಇಂಥ ಸಂಗ್ರಹಾಲಯದಲ್ಲಿ ನಿಂತಾಗ ತುಳುನಾಡಿನವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ದೈವದ ಮೊಗ, ಕಡ್ತಲೆ, ಗಗ್ಗರಗಳು ನಮ್ಮಲ್ಲಿ ಪ್ರದರ್ಶನದ ವಸ್ತುಗಳಲ್ಲ. ಅವು ಭಂಡಾರದ ಮನೆಯಲ್ಲಿ ಬೀಗದೊಳಗೆ ಇರುತ್ತವೆ. ನೇಮದ ದಿನ ಭಂಡಾರ ಹೊರಟು ಬರುತ್ತದೆ, ನೇಮ ಮುಗಿದ ಮೇಲೆ ಮರಳಿ ಒಳಗೆ ಹೋಗುತ್ತದೆ. ವರ್ಷವಿಡೀ ಕಾಣದಿದ್ದ ಮೊಗ ಆ ಒಂದು ರಾತ್ರಿ ಮನುಷ್ಯನ ಮುಖವಾಗಿ ಮಾತಾಡುತ್ತದೆ. ಸಂಗ್ರಹಾಲಯದ ಕ್ರಮ ಇದಕ್ಕೆ ತೀರ ವಿರುದ್ಧ. ಅಲ್ಲಿ ಮೊಗ ದಿನವೂ ಕಾಣುತ್ತದೆ, ಎಂದೂ ಮಾತಾಡುವುದಿಲ್ಲ.

ಹಾಗೆಂದು ಸಂಗ್ರಹಾಲಯವನ್ನು ಹಳಿಯಬೇಕಾಗಿಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತವಿಗ್ರಹಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಅಲ್ಲಿ ಅವುಗಳ ಮುಂದೆ ಪಾಡ್ದನವಿಲ್ಲ, ದೊಂದಿಯಿಲ್ಲ. ಆದರೆ ಗೆದ್ದಲಿನ ಪಾಲಾಗಲಿಲ್ಲವೆಂಬುದೂ ನಿಜ. ನಂಬಿಕೆಯವರ ಕೈತಪ್ಪಿದ ವಸ್ತುವಿಗೆ ಇರುವ ದಾರಿ ಎರಡೇ: ಒಂದು ಸಂಗ್ರಹಾಲಯ, ಇನ್ನೊಂದು ಹಳೆಯ ವಸ್ತುಗಳ ವ್ಯಾಪಾರಿ.

ಕಳಸೆಗೂ ಒಂದು ಜಾಗ

ಅರಸರ ಕಂಬ, ದೇವರ ಮೂರ್ತಿ, ಮಠದ ಗರಿ – ಇವನ್ನು ಕಾಯಲು ಯಾರಾದರೂ ಇರುತ್ತಾರೆ. ಗದ್ದೆಯಲ್ಲಿ ನೇಜಿ ನೆಟ್ಟವಳ ಗೊರಬೆಯನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರ ಬಂಟ್ವಾಳದಲ್ಲಿದೆ. ಇತಿಹಾಸದ ಪ್ರಾಧ್ಯಾಪಕರಾಗಿದ್ದ ಪ್ರೊ. ತುಕಾರಾಮ ಪೂಜಾರಿಯವರು 1995ರಲ್ಲಿ ಆರಂಭಿಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಬಿ.ಸಿ. ರೋಡಿನ ಬಳಿಯ ಸಂಚಯಗಿರಿಯಲ್ಲಿದೆ. ತುಳುವರ ದಿನನಿತ್ಯದ ಬದುಕಿನ ವಸ್ತುಗಳ ಸಂಗ್ರಹಾಲಯ ಅದರ ಮುಖ್ಯ ಅಂಗ, ಜೊತೆಗೊಂದು ಗ್ರಂಥಾಲಯವಿದೆ. ಮನೆಮನೆಯಿಂದ ಕಲೆಹಾಕಿದ ಕೃಷಿಯ ಸಲಕರಣೆ, ಅಡುಗೆಮನೆಯ ಪಾತ್ರೆ, ಅಳತೆಯ ಮಾಪನಗಳು ಇಲ್ಲಿನ ಸೊತ್ತು.

ಈ ವಸ್ತುಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಕಳಸೆಯನ್ನೇ ತೆಗೆದುಕೊಳ್ಳೋಣ. ಮೇಲುನೋಟಕ್ಕೆ ಅದು ಅಕ್ಕಿ ಅಳೆಯುವ ಒಂದು ಪಾತ್ರೆ. ಆದರೆ ಗೇಣಿಯ ಕಾಲದಲ್ಲಿ ಒಂದು ಸಂಸಾರದ ವರ್ಷದ ಅನ್ನ ಆ ಪಾತ್ರೆಯ ಮೇಲೆ ನಿಂತಿತ್ತು. ಧನಿಗಳಿಗೆ ಸಲ್ಲಬೇಕಾದ ಗೇಣಿಯಕ್ಕಿ ಅಳೆದಾದ ಮೇಲೆ ಉಳಿದದ್ದು ಒಕ್ಕಲಿನವನದು. ಅಳೆಯುವ ಕೈ ಯಾರದು, ಪಾತ್ರೆಯ ಬಾಯಿಗೆ ಸಮವಾಗಿ ಅಳೆದರೇ ರಾಶಿ ಏರಿಸಿ ಅಳೆದರೇ ಎಂಬುದು ಸಣ್ಣ ಮಾತಾಗಿರಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ಕೊನೆಗಾಣಿಸಿದಾಗ ಒಕ್ಕಲು ಭೂಮಿಯ ಒಡೆಯನಾದ. ಕಳಸೆ ಅಟ್ಟ ಸೇರಿತು. ಆ ಕಾಯಿದೆಯನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿ ಕಳಸೆಯನ್ನು ಒಮ್ಮೆ ಕೈಯಲ್ಲಿ ಹಿಡಿದರೆ ಪಾಠ ಬೇಗ ತಲೆಗೆ ಹೋಗುತ್ತದೆ.

ಅಕ್ಕಿಮುಡಿಯೂ ಹಾಗೆಯೇ. ಬೈಹುಲ್ಲಿನಿಂದ ಹಗ್ಗ ಹೆಣೆದು, ಅಕ್ಕಿಯನ್ನು ಹುಲ್ಲಿನೊಳಗೆ ಸುತ್ತಿ, ಬಡಿದು ಬಿಗಿದು ಉರುಟಾಗಿ ಕಟ್ಟುವುದು ಒಂದು ವಿದ್ಯೆ. ಹಾಗೆ ಕಟ್ಟಿದ ಅಕ್ಕಿ ಈ ಕರಾವಳಿಯ ತೇವದಲ್ಲೂ ಮಳೆಗಾಲ ಪೂರ್ತಿ ಕೆಡದೆ ಇರುತ್ತಿತ್ತು. ಗದ್ದೆ ಹೋಗಿ ಅಡಿಕೆ, ರಬ್ಬರು ಬಂದವು. ಮುಡಿ ಕಟ್ಟುವ ಕೈಗಳೂ ಕಡಿಮೆಯಾದವು. ತೆನೆ ಬಡಿಯುವ ಪಡಿಮಂಚ, ಹಾಳೆಯ ಮುಟ್ಟಾಳೆ, ಆಟಿ ತಿಂಗಳ ಬಿಡುವಿನಲ್ಲಿ ಆಡುತ್ತಿದ್ದ ಚೆನ್ನೆಮಣೆ – ಒಂದೊಂದರ ಹಿಂದೆಯೂ ಒಂದು ಋತು, ಒಂದು ಕಸುಬು ಇದೆ. ಹದಿನಾಲ್ಕು ಗುಳಿಯ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕರಂತೆ 56 ಕಾಯಿ. ಆಫ್ರಿಕದ ಹಲವೆಡೆ ಇದರ ಬಂಧು ಆಟಗಳಿವೆ.

ವಸ್ತು ಹೋದಾಗ ಅದರೊಡನೆ ಮಾತೂ ಹೋಗುತ್ತದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದವು. ನೇಗಿಲಿನ ಒಂದೊಂದು ಭಾಗಕ್ಕೂ, ಬುಟ್ಟಿಯ ಒಂದೊಂದು ಬಗೆಗೂ ತುಳುವಿನಲ್ಲಿ ಬೇರೆ ಬೇರೆ ಹೆಸರಿದೆ. ನಿಘಂಟಿನಲ್ಲಿ ಹೆಸರು ಸಿಗುತ್ತದೆ. ಹೆಸರಿನ ಹಿಂದಿನ ವಸ್ತು ಯಾವುದೆಂದು ತೋರಿಸಲು ಬಂಟ್ವಾಳದಂಥ ಸಂಗ್ರಹ ಬೇಕು. ಒಂದಿಲ್ಲದೆ ಇನ್ನೊಂದು ಅರ್ಧ.

ಊರಿನ ಕೆಲಸ

ಅಮೆರಿಕದಲ್ಲಿ ಪುಟ್ಟ ಪಟ್ಟಣಗಳಲ್ಲೂ ಒಂದು ಇತಿಹಾಸ ಸಂಘವಿರುವುದು ಸಾಮಾನ್ಯ. ಹಳೆಯ ರೈಲು ನಿಲ್ದಾಣವನ್ನೋ ಶಾಲೆಯನ್ನೋ ವಸ್ತು ಸಂಗ್ರಹಾಲಯ ಮಾಡಿಕೊಂಡು, ಊರವರೇ ಸಂಬಳವಿಲ್ಲದೆ ಸರದಿಯಲ್ಲಿ ಬಾಗಿಲು ತೆರೆಯುತ್ತಾರೆ. ಜಾರ್ಜ್ ವಾಷಿಂಗ್ಟನ್ನನ ಮನೆ ಮೌಂಟ್ ವರ್ನನ್ ಕುಸಿಯುವ ಸ್ಥಿತಿಯಲ್ಲಿದ್ದಾಗ ಅದನ್ನು ಉಳಿಸಿದ್ದು ಸರ್ಕಾರವಲ್ಲ. 1853ರಲ್ಲಿ ಹುಟ್ಟಿದ ಮಹಿಳೆಯರ ಸಂಘವೊಂದು ಚಂದಾ ಎತ್ತಿ ಅದನ್ನು ಕೊಂಡುಕೊಂಡಿತು. ಆ ದೇಶದಲ್ಲಿ ನೂರೈವತ್ತು ವರ್ಷ ಹಳೆಯದೆಂದರೆ ಬಲು ಹಳೆಯದು. ನಮ್ಮಲ್ಲಿ ಅಷ್ಟು ವಯಸ್ಸಿನ ಮನೆಗಳು ಬೀದಿಗೊಂದಿವೆ. ಅದಕ್ಕೇ ಇರಬೇಕು, ಅವನ್ನು ಕೆಡವುವಾಗ ನಮ್ಮ ಕೈ ನಡುಗುವುದಿಲ್ಲ.

ನಮ್ಮಲ್ಲಿ ಇಂಥ ಕೆಲಸ ಹೆಚ್ಚಾಗಿ ಒಬ್ಬಿಬ್ಬರ ಹಟದಿಂದ ನಡೆದಿದೆ. ಮಣಿಪಾಲದಲ್ಲಿ ಕೆಡವುವ ಹಂತಕ್ಕೆ ಬಂದ ಮನೆಗಳನ್ನು ಬಿಡಿಸಿ ತಂದು ಮತ್ತೆ ಕಟ್ಟಿದ ವಿಜಯನಾಥ ಶೆಣೈಯವರ ‘ಹಸ್ತಶಿಲ್ಪ’ ಇದಕ್ಕೆ ಸಾಕ್ಷಿ. ಬಂಟ್ವಾಳದ್ದೂ ಅದೇ ಬಗೆಯ ಸಾಹಸ. ಬಸದಿಗೆ ಭಕ್ತರಿದ್ದಾರೆ, ಕೋಟೆಗೆ ಪುರಾತತ್ವ ಇಲಾಖೆಯಿದೆ, ಮಂಜೂಷದ ಬೆನ್ನಿಗೆ ಒಂದು ದೊಡ್ಡ ಕ್ಷೇತ್ರವಿದೆ. ವ್ಯಕ್ತಿಯ ಆಸಕ್ತಿಯಿಂದ ಬೆಳೆದ ಸಂಗ್ರಹಕ್ಕೆ ಊರೇ ಆಸರೆಯಾಗಬೇಕು. ಕಟ್ಟಿದವರ ಕಾಲಾನಂತರ ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಅವರಿದ್ದಾಗಲೇ ಯೋಚಿಸಬೇಕಾದದ್ದೂ ಊರೇ.

ಆದ್ದರಿಂದ ಮುಂದಿನ ಸಲ ಈ ದಾರಿಯಲ್ಲಿ ಬರುವವರು ಕ್ರಮವನ್ನು ಸ್ವಲ್ಪ ಬದಲಿಸಿ ನೋಡಬಹುದು. ಮೊದಲು ಬಂಟ್ವಾಳಕ್ಕೆ ಹೋಗಿ ಕಳಸೆ, ಮುಡಿ, ಗೊರಬೆಗಳನ್ನು ನೋಡಿ, ಆಮೇಲೆ ಧರ್ಮಸ್ಥಳ, ಗಡಾಯಿಕಲ್ಲು, ವೇಣೂರುಗಳ ಮೂಲಕ ಮೂಡುಬಿದಿರೆಗೆ ಬರಲಿ. ಆಗ ಸಾವಿರ ಕಂಬಗಳ ನಡುವೆ ನಿಂತಾಗ ಅರಸನ ಹೆಸರಿನ ಜೊತೆಗೆ, ಆ ಕಲ್ಲು ಹೊತ್ತವರಿಗೆ ಗಂಜಿಯಾದ ಅಕ್ಕಿ ಯಾವ ಗದ್ದೆಯದು, ಅದನ್ನು ಅಳೆದವರು ಯಾರು ಎಂಬ ಪ್ರಶ್ನೆಯೂ ಮನಸ್ಸಿಗೆ ಬಂದೀತು. ಮನೆಗೆ ಮರಳಿದ ಮೇಲೆ ಅಟ್ಟದ ಮೇಲಿರುವುದನ್ನು ಗುಜರಿಯವನಿಗೆ ಹಾಕುವ ಮೊದಲು ಅಜ್ಜಿಯನ್ನು ಕರೆದು ಒಂದೊಂದರ ಹೆಸರು ಕೇಳಿ ಬರೆದಿಟ್ಟುಕೊಳ್ಳಲು ಒಂದು ನೋಟ್ ಪುಸ್ತಕ ಸಾಕು.